ಆಟಗಾರರು ಹೂಡಿಕೆದಾರರಾದಾಗ

ಅಮೆರಿಕದ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್‌ರ ಹೆಸರನ್ನು ನೀವು ಕೇಳಿರಬಹುದು. ಆಟದಿಂದ ಮೊದಲ ಬಾರಿಗೆ ಹತ್ತು ಲಕ್ಷ ಡಾಲರಿನ ಚೆಕ್ ಕೈಗೆ ಬಂದಾಗ ಅವರು ಅದನ್ನು ಜಮಾ ಮಾಡಲು ಬ್ಯಾಂಕಿಗೆ ಹೋದರು. ಹೋದದ್ದು ಬ್ಯಾಂಕಿನ ಒಳಗಲ್ಲ. ಕಾರಿನಿಂದ ಇಳಿಯದೆಯೇ ಸಣ್ಣಪುಟ್ಟ ವ್ಯವಹಾರ ಮುಗಿಸಿಕೊಂಡು ಹೋಗಲು ಅಲ್ಲಿ ಒಂದು ಕಿಟಕಿ ಇರುತ್ತದೆ, ಅದರ ಬಳಿಗೆ. ಇಷ್ಟು ದೊಡ್ಡ ಮೊತ್ತಕ್ಕೆ ತಾವು ಒಳಗೇ ಬರಬೇಕು ಎಂದು ಸಿಬ್ಬಂದಿಯೇ ತಿಳಿಸಬೇಕಾಯಿತು. ಇದನ್ನು ಸೆರೆನಾ ಅವರೇ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದಾರೆ.

ಇದೇ ಮಹಿಳೆ 2022ರ ಮಾರ್ಚ್‌ನಲ್ಲಿ 11 ಕೋಟಿ 10 ಲಕ್ಷ ಡಾಲರ್‌ಗಳ ಹೂಡಿಕೆ ನಿಧಿಯೊಂದನ್ನು ಪ್ರಕಟಿಸಿದರು. ಚೆಕ್ ಜಮಾ ಮಾಡುವ ರೀತಿಯೂ ತಿಳಿಯದಿದ್ದ ಹುಡುಗಿ ಇತರರ ಕೋಟ್ಯಂತರ ಹಣವನ್ನು ನೋಡಿಕೊಳ್ಳುವ ಹಂತಕ್ಕೆ ಬಂದದ್ದು ಹೇಗೆ? ಆಟ ಬಿಟ್ಟ ಮೇಲೆ ಹಣಕಾಸಿನ ಲೋಕಕ್ಕೆ ಕಾಲಿಟ್ಟವರೆಲ್ಲ ಹೀಗೆಯೇ ಗೆದ್ದಿದ್ದಾರೆಯೇ? ಕ್ರಿಕೆಟ್ ಬ್ಯಾಟ್ ಹಿಡಿದು ಓಡುವ ಮಗನಿರುವ ಪ್ರತಿ ತಾಯಿಯೂ, ದುಡಿಮೆಯ ಕೆಲವೇ ವರ್ಷಗಳಲ್ಲಿ ಇಡೀ ಬದುಕಿಗೆ ಬೇಕಾದದ್ದನ್ನು ಕೂಡಿಡಬೇಕಾದ ಪ್ರತಿ ಕುಟುಂಬವೂ ಈ ಕಥೆಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಸಣ್ಣ ಸುಗ್ಗಿ, ದೀರ್ಘ ಬದುಕು

ಸರಕಾರಿ ಶಾಲೆಯ ಶಿಕ್ಷಕರೊಬ್ಬರು ಅರವತ್ತರವರೆಗೆ ಸಂಬಳ ಪಡೆಯುತ್ತಾರೆ. ವೈದ್ಯರು, ವಕೀಲರು ವಯಸ್ಸಾದಂತೆ ಹೆಚ್ಚು ಗಳಿಸುತ್ತಾರೆ. ಕ್ರೀಡಾಪಟುವಿನ ಲೆಕ್ಕ ಇದಕ್ಕೆ ವಿರುದ್ಧವಾದುದು. ಇಪ್ಪತ್ತರ ಹರೆಯದಲ್ಲಿ ಹಣದ ಹೊಳೆ ಹರಿಯುತ್ತದೆ, ಮೂವತ್ತೈದರ ಸುಮಾರಿಗೆ ಅದು ಬತ್ತುತ್ತದೆ. ಮೊಣಕಾಲಿಗೆ ಪೆಟ್ಟಾದರೆ ಅದಕ್ಕೂ ಮೊದಲೇ. ಆ ಬಳಿಕ ಬದುಕಲು ಇನ್ನೂ ನಲ್ವತ್ತು ವರ್ಷಗಳು ಉಳಿದಿರುತ್ತವೆ. ಹಣವನ್ನು ಹೇಗೆ ಬಳಸಬೇಕೆಂಬ ಅನುಭವ ಬರುವ ಹೊತ್ತಿಗೆ ಹಣ ಬರುವುದು ನಿಂತಿರುತ್ತದೆ.

ಏಳು ವರ್ಷಗಳ ಸುಗ್ಗಿಯಲ್ಲಿ ಕೂಡಿಟ್ಟದ್ದು ಮುಂದಿನ ಏಳು ವರ್ಷಗಳ ಬರಕ್ಕೆ ಒದಗಿದ ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ನಾವೆಲ್ಲ ಮದ್ರಸದಲ್ಲಿ ಕಲಿತವರು. ಕ್ರೀಡಾಪಟುವಿನ ಬದುಕಿನಲ್ಲಿ ಆ ಸುಗ್ಗಿ ಮತ್ತು ಬರ ಕಣ್ಣೆದುರೇ ಇರುತ್ತವೆ. ನಮ್ಮ ಕರಾವಳಿಯಲ್ಲಿ ಗಲ್ಫ್‌ಗೆ ಹೋದವರ ಮನೆಗಳಲ್ಲೂ ಲೆಕ್ಕ ಬಹುತೇಕ ಇದೇ. ಹದಿನೈದು ವರ್ಷ ದಿರ್ಹಮ್, ರಿಯಾಲ್ ಬರುತ್ತದೆ. ಒಂದು ದಿನ ವೀಸಾ ಮುಗಿಯುತ್ತದೆ. ಆ ಹದಿನೈದು ವರ್ಷಗಳಲ್ಲಿ ಮನೆಯವರು ಏನು ಮಾಡಿದರು ಎಂಬುದರ ಮೇಲೆ ಉಳಿದ ಬದುಕು ನಿಂತಿರುತ್ತದೆ.

ಸೆರೆನಾ ನಡೆದ ದಾರಿ

1981ರಲ್ಲಿ ಜನಿಸಿದ ಸೆರೆನಾ ಕ್ಯಾಲಿಫೋರ್ನಿಯಾದ ಕಾಂಪ್ಟನ್ ಎಂಬ ಬಡ ಊರಿನಲ್ಲಿ ಬೆಳೆದವರು. 14ನೇ ವಯಸ್ಸಿಗೆ ವೃತ್ತಿಪರ ಆಟಗಾರ್ತಿಯಾದರು. 1999ರಿಂದ 2017ರವರೆಗೆ 23 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಬಹುಮಾನದ ಹಣವೇ 9 ಕೋಟಿ 40 ಲಕ್ಷ ಡಾಲರ್ ದಾಟಿತು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಓಪನ್‌ನಲ್ಲಿ ಸೋತಾಗ ಅವರಿಗೆ ನಲ್ವತ್ತೊಂದು ತುಂಬುತ್ತಿತ್ತು. ಇನ್ನೊಂದು ಮಗು ಬೇಕೆಂಬ ಆಸೆಯೂ ಆಟ ಬಿಡಲು ಕಾರಣವೆಂದು ಅವರು ಆಗ ಬರೆದುಕೊಂಡಿದ್ದರು. ತಾನು ಗಂಡಸಾಗಿದ್ದರೆ ಮಕ್ಕಳು ಮತ್ತು ಆಟದ ನಡುವೆ ಒಂದನ್ನು ಆರಿಸಿಕೊಳ್ಳಬೇಕಾದ ಪ್ರಸಂಗ ಬರುತ್ತಿರಲಿಲ್ಲ ಎಂಬ ನೋವು ಆ ಬರಹದಲ್ಲಿತ್ತು.

ಆದರೆ ಅವರು ಹೂಡಿಕೆಯನ್ನು ಆರಂಭಿಸಿದ್ದು ಆಟ ಬಿಟ್ಟ ಮೇಲಲ್ಲ ಎಂಬುದನ್ನು ಗಮನಿಸಿ. 2009ರಲ್ಲೇ ಅಕ್ಕ ವೀನಸ್ ಜೊತೆ ಸೇರಿ ಮಯಾಮಿ ಡಾಲ್ಫಿನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಸಣ್ಣ ಪಾಲು ಖರೀದಿಸಿದ್ದರು. 2014ರ ಸುಮಾರಿಗೆ 'ಸೆರೆನಾ ವೆಂಚರ್ಸ್' ಮೂಲಕ ಹೊಸ ಕಂಪನಿಗಳಲ್ಲಿ ತಮ್ಮ ಸ್ವಂತ ಹಣವನ್ನು ಸ್ವಲ್ಪ ಸ್ವಲ್ಪವಾಗಿ ತೊಡಗಿಸತೊಡಗಿದರು. ಹೊಸ ಉದ್ಯಮಗಳಿಗೆ ಹರಿಯುವ ಬಂಡವಾಳದಲ್ಲಿ ಶೇಕಡಾ 2ಕ್ಕಿಂತಲೂ ಕಡಿಮೆ ಭಾಗ ಮಾತ್ರ ಮಹಿಳೆಯರಿಗೆ ಸಿಗುತ್ತದೆ ಎಂಬ ಮಾತನ್ನು ಸಮ್ಮೇಳನವೊಂದರಲ್ಲಿ ಕೇಳಿದ್ದು ತಮ್ಮನ್ನು ಈ ಕ್ಷೇತ್ರಕ್ಕೆ ಎಳೆಯಿತು ಎಂದು ಅವರು ಹೇಳಿದ್ದಾರೆ. ಹಣ ಕೊಡುವ ಕುರ್ಚಿಯಲ್ಲಿ ಮಹಿಳೆ ಕುಳಿತರೆ ತಾನೇ ಹಣ ಕೇಳಲು ಬಂದ ಮಹಿಳೆಯ ಮಾತು ಅರ್ಥವಾಗುವುದು!

2020ರಲ್ಲಿ ಲಾಸ್ ಏಂಜಲಿಸ್‌ನಲ್ಲಿ 'ಏಂಜಲ್ ಸಿಟಿ' ಎಂಬ ಮಹಿಳಾ ಫುಟ್‌ಬಾಲ್ ತಂಡ ಹುಟ್ಟಿಕೊಂಡಿತು. ಸೆರೆನಾ ಅದರ ಹೂಡಿಕೆದಾರರಲ್ಲೊಬ್ಬರು. ಆಗ ಇನ್ನೂ ಮೂರು ವರ್ಷವೂ ತುಂಬದ ಅವರ ಮಗಳ ಹೆಸರಿನಲ್ಲೂ ಒಂದು ಪಾಲು ಇತ್ತು. 2024ರಲ್ಲಿ ಆ ತಂಡದ ಆಡಳಿತ ಹೊಸ ಮಾಲೀಕರ ಕೈಗೆ ಹೋದಾಗ ತಂಡದ ಮೌಲ್ಯವನ್ನು 25 ಕೋಟಿ ಡಾಲರ್ ಎಂದು ಲೆಕ್ಕ ಹಾಕಲಾಯಿತು. ಮಹಿಳೆಯರ ಆಟವನ್ನು ಯಾರು ನೋಡುತ್ತಾರೆ ಎಂದು ಕೇಳುತ್ತಿದ್ದವರಿಗೆ ಇದೊಂದು ಉತ್ತರವಾಗಿತ್ತು. 2025ರ ಮಾರ್ಚ್‌ನಲ್ಲಿ ಅವರು ಕೆನಡಾದ ಟೊರಾಂಟೊ ನಗರದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಮಾಲೀಕರಲ್ಲೊಬ್ಬರಾದರು.

ಸ್ವಂತ ಹಣ ಹೂಡುವುದಕ್ಕೂ ನಿಧಿ ನಡೆಸುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ನಿಧಿ ಎಂದರೆ ಹಲವರು ನಂಬಿ ಕೊಟ್ಟ ಹಣ. ಅದನ್ನು ಹತ್ತಾರು ಹೊಸ ಕಂಪನಿಗಳಲ್ಲಿ ಹಂಚಿ ಹೂಡಲಾಗುತ್ತದೆ. ಅವುಗಳಲ್ಲಿ ಹಲವು ಮುಳುಗುತ್ತವೆ, ಕೆಲವೇ ಕೆಲವು ಬೆಳೆದು ಉಳಿದವುಗಳ ನಷ್ಟವನ್ನು ತುಂಬಿಕೊಡಬೇಕು. ಹೀಗಾಗಿ ನಿಧಿ ನಡೆಸುವವರಿಗೆ ಪ್ರಸಿದ್ಧಿ ಮಾತ್ರ ಸಾಲದು. ಲೆಕ್ಕಪತ್ರ ಓದಲು ಬರಬೇಕು, ಬೇಡ ಎನ್ನಲು ಧೈರ್ಯ ಬೇಕು. ಇತರರ ಹಣ ಅಮಾನತ್ತು ಎಂಬ ಎಚ್ಚರ ಎಲ್ಲಕ್ಕಿಂತ ಮುಖ್ಯ.

ತಂಡವೆಂಬ ಆಸ್ತಿ

ಆಟದ ತಂಡವೊಂದಕ್ಕೆ ಇಷ್ಟು ಬೆಲೆ ಬರುವುದು ಹೇಗೆ ಎಂದು ನೀವು ಕೇಳಬಹುದು. ತಂಡದ ಆದಾಯಕ್ಕೆ ಹಲವು ಮೂಲಗಳಿವೆ. ಟಿಕೆಟು, ಅಂಗಿಯ ಮೇಲಿನ ಜಾಹೀರಾತು, ಕ್ರೀಡಾಂಗಣದ ವ್ಯಾಪಾರ ಇತ್ಯಾದಿ. ಇವೆಲ್ಲಕ್ಕಿಂತ ದೊಡ್ಡದು ಟಿ.ವಿ. ಮತ್ತು ಮೊಬೈಲ್ ಪ್ರಸಾರದ ಹಕ್ಕು. ಸಿನಿಮಾವನ್ನು ನಾಳೆಯೂ ನೋಡಬಹುದು, ಪಂದ್ಯವನ್ನು ಜನರು ಈಗಲೇ ನೋಡಬಯಸುತ್ತಾರೆ. ಆದ್ದರಿಂದ ಜಾಹೀರಾತುದಾರರು ಅದಕ್ಕೆ ಹೆಚ್ಚು ಹಣ ಕೊಡುತ್ತಾರೆ. ಲೀಗಿನಲ್ಲಿರುವ ತಂಡಗಳ ಸಂಖ್ಯೆಯೂ ಸೀಮಿತ. ಕೊಳ್ಳುವವರು ಹೆಚ್ಚಿದಂತೆ ಬೆಲೆ ಏರುತ್ತದೆ. ಪೇಟೆಯ ನಡುವಿನ ನಿವೇಶನದ ಹಾಗೆ.

ನಮ್ಮ ಐ.ಪಿ.ಎಲ್.ನ್ನೇ ನೋಡಿ. 2008ರಲ್ಲಿ ಬೆಂಗಳೂರು ತಂಡ ಹರಾಜಾದದ್ದು 11 ಕೋಟಿ 16 ಲಕ್ಷ ಡಾಲರಿಗೆ. 2021ರಲ್ಲಿ ಲಕ್ನೋ ತಂಡ 7,090 ಕೋಟಿ ರೂಪಾಯಿಗೂ ಅಹ್ಮದಾಬಾದ್ ತಂಡ 5,625 ಕೋಟಿ ರೂಪಾಯಿಗೂ ಮಾರಾಟವಾದವು. ಅಹ್ಮದಾಬಾದ್ ತಂಡವನ್ನು ಆಗ ಕೊಂಡದ್ದು ಸಿ.ವಿ.ಸಿ. ಎಂಬ ಹೂಡಿಕೆ ಸಂಸ್ಥೆ. 2023ರಿಂದ 2027ರವರೆಗಿನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. 2023ರಲ್ಲಿ ಮಹಿಳಾ ಲೀಗ್ ಆರಂಭವಾದಾಗ ಬೆಂಗಳೂರಿನ ಮಹಿಳಾ ತಂಡಕ್ಕೇ 901 ಕೋಟಿ ರೂಪಾಯಿ ಬೆಲೆ ಬಂತು. ಅಮೆರಿಕದಲ್ಲಂತೂ ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಲೀಗುಗಳ ನಂತರ 2024ರ ಆಗಸ್ಟ್‌ನಲ್ಲಿ ಅಲ್ಲಿನ ಫುಟ್‌ಬಾಲ್ ಲೀಗ್ ಕೂಡಾ ಹೂಡಿಕೆ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಒಂದು ತಂಡದಲ್ಲಿ ಶೇಕಡಾ 10ರವರೆಗೆ ಪಾಲು ಹೊಂದಲು ಅವುಗಳಿಗೆ ಅನುಮತಿ ದೊರೆಯಿತು.

ಹಣವಂತರು ಹೀಗೆ ಬಂದಾಗ ಅವರಿಗೆ ಆಟದ ಒಳಹೊರಗು ಬಲ್ಲವರು ಬೇಕಾಗುತ್ತಾರೆ. ಯಾವ ಆಟಗಾರನಿಗೆ ಎಷ್ಟು ಕೊಡಬಹುದು, ತರಬೇತಿಗೆ ಏನು ಬೇಕು, ಪ್ರೇಕ್ಷಕ ಏಕೆ ಬರುತ್ತಾನೆ ಎಂಬುದು ಮೈದಾನದಲ್ಲಿ ಬೆವರಿಳಿಸಿದವನಿಗೆ ಗೊತ್ತು. ಮಾಜಿ ಆಟಗಾರರಿಗೆ ಈ ಲೋಕದಲ್ಲಿ ಸ್ಥಾನ ದೊರೆತದ್ದು ಹೀಗೆ.

ಸಂಬಳಕ್ಕಿಂತ ದೊಡ್ಡದು ಪಾಲು

ಬಾಸ್ಕೆಟ್‌ಬಾಲಿನ ಮೈಕಲ್ ಜೋರ್ಡಾನ್ ಹದಿನೈದು ಋತುಗಳಲ್ಲಿ ಆಡಿ ಪಡೆದ ಒಟ್ಟು ಸಂಬಳ ಸುಮಾರು 9 ಕೋಟಿ ಡಾಲರ್. 2010ರಲ್ಲಿ ಅವರು ಶಾರ್ಲೆಟ್ ತಂಡದ ಬಹುಪಾಲನ್ನು ಖರೀದಿಸಿದರು. ಆಗ ತಂಡಕ್ಕೆ ಕಟ್ಟಿದ ಬೆಲೆ 27.5 ಕೋಟಿ ಡಾಲರ್. 2023ರಲ್ಲಿ ಅವರು ಅದರ ಒಡೆತನ ಬಿಟ್ಟುಕೊಟ್ಟಾಗ ಬೆಲೆ 300 ಕೋಟಿ ಡಾಲರ್. ಸ್ವಾರಸ್ಯವೆಂದರೆ ಆ ತಂಡ ಆ ಅವಧಿಯಲ್ಲಿ ಒಂದು ಸಲವೂ ಪ್ರಶಸ್ತಿ ಗೆದ್ದಿರಲಿಲ್ಲ.

ಮ್ಯಾಜಿಕ್ ಜಾನ್ಸನ್‌ರ ಕಥೆ ಇನ್ನೂ ಪಾಠದಾಯಕವಾಗಿದೆ. 1979ರಲ್ಲಿ ಅವರು ಆಟಕ್ಕೆ ಬಂದಾಗ, ಇನ್ನೂ ಚಿಕ್ಕದಾಗಿದ್ದ ನೈಕಿ ಕಂಪನಿ ನಗದಿನ ಬದಲು ಶೇರು ಕೊಡುವುದಾಗಿ ಹೇಳಿತ್ತು. ಶೇರು ಎಂದರೇನೆಂದು ತಿಳಿಯದ ಆ ಯುವಕ ನಗದು ಕೊಟ್ಟ ಬೇರೆ ಕಂಪನಿಯನ್ನು ಆರಿಸಿಕೊಂಡರು. ಮನೆಯಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲವೆಂದು ಅವರು ಹಲವು ಬಾರಿ ನೆನಪಿಸಿಕೊಂಡಿದ್ದಾರೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಕಾಯಿಲೆಯ ಕಾರಣ 1991ರಲ್ಲಿ ಆಟ ನಿಲ್ಲಿಸಬೇಕಾಗಿ ಬಂದಾಗ ಬಲ್ಲವರ ಬಳಿ ಕುಳಿತು ವ್ಯಾಪಾರ ಕಲಿತರು. 1994ರಲ್ಲಿ ತಾನು ಆಡಿದ ಲೇಕರ್ಸ್ ತಂಡದಲ್ಲೇ ಸಣ್ಣ ಪಾಲು ಕೊಂಡರು. 2012ರಲ್ಲಿ 200 ಕೋಟಿ ಡಾಲರಿಗೆ ಡಾಡ್ಜರ್ಸ್ ಬೇಸ್‌ಬಾಲ್ ತಂಡವನ್ನು ಖರೀದಿಸಿದ ಗುಂಪಿನಲ್ಲಿ ಅವರೂ ಇದ್ದರು.

ಇಂಗ್ಲೆಂಡಿನ ಡೇವಿಡ್ ಬೆಕ್‌ಹ್ಯಾಮ್ 2007ರಲ್ಲಿ ಅಮೆರಿಕದ ಲೀಗಿಗೆ ಸೇರುವಾಗ ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಂಡಿದ್ದರು. ಮುಂದೆ 2.5 ಕೋಟಿ ಡಾಲರಿಗೆ ಹೊಸ ತಂಡವೊಂದನ್ನು ಪಡೆಯುವ ಹಕ್ಕು ತನಗಿರಬೇಕು ಎಂಬುದೇ ಆ ಸಾಲು. 2014ರಲ್ಲಿ ಆ ಹಕ್ಕನ್ನು ಚಲಾಯಿಸಿದರು. ಆ ತಂಡವೇ 2020ರಲ್ಲಿ ಮೊದಲ ಪಂದ್ಯವಾಡಿದ ಇಂಟರ್ ಮಯಾಮಿ. 2023ರಲ್ಲಿ ಮೆಸ್ಸಿ ಸೇರಿದ್ದು ಅದೇ ತಂಡಕ್ಕೆ. ಒಪ್ಪಂದವನ್ನು ಸಹಿ ಹಾಕುವ ಮುನ್ನ ಓದುವುದು, ಬೇಕಾದುದನ್ನು ಬರೆಸಿಕೊಳ್ಳುವುದು ಎಷ್ಟು ಮುಖ್ಯವೆಂದು ಇದರಿಂದ ತಿಳಿಯುತ್ತದೆ. ಕೊಡುಕೊಳ್ಳುವಿಕೆಯನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ನಮಗೂ ಕಲಿಸಲಾಗಿದೆಯಲ್ಲವೇ? ನಾವು ಮಾತ್ರ "ನಮ್ಮವರೇ ತಾನೇ" ಎಂದು ಬಾಯಿಮಾತಿನಲ್ಲೇ ಲಕ್ಷಗಳನ್ನು ಕೊಟ್ಟುಬಿಡುತ್ತೇವೆ.

ಓದೂ ಕೈಬಿಡಬಾರದು. ಅಮೆರಿಕನ್ ಫುಟ್‌ಬಾಲಿನ ಸ್ಟೀವ್ ಯಂಗ್ ಆಡುತ್ತಿದ್ದಾಗಲೇ ಬಿಡುವಿನ ತಿಂಗಳುಗಳಲ್ಲಿ ಕಾಲೇಜಿಗೆ ಹೋಗಿ 1994ರಲ್ಲಿ ಕಾನೂನು ಪದವಿ ಪಡೆದರು. ಮರುವರ್ಷವೇ ದೇಶದ ಅತಿದೊಡ್ಡ ಪಂದ್ಯದಲ್ಲಿ ಶ್ರೇಷ್ಠ ಆಟಗಾರನಾದರು. ಆಟ ಮುಗಿದ ಮೇಲೆ 2007ರಲ್ಲಿ ಹೂಡಿಕೆ ಸಂಸ್ಥೆಯೊಂದರ ಸ್ಥಾಪಕರಲ್ಲೊಬ್ಬರಾದರು. ಆಡುವ ಮಕ್ಕಳಿಗೆ ಓದು ಹೊರೆ ಎನ್ನುವ ತಂದೆ ತಾಯಂದಿರು ಈ ಹೆಸರನ್ನು ನೆನಪಿಡಬೇಕು.

ನಮ್ಮ ನಾಡಿನಲ್ಲೂ ಈ ದಾರಿ ಹೊಸದಲ್ಲ. 2010ರಲ್ಲಿ ಅನಿಲ್ ಕುಂಬ್ಳೆ ಬೆಂಗಳೂರಿನಲ್ಲಿ ಕ್ರೀಡಾ ತರಬೇತಿಯ ಕಂಪನಿ ಸ್ಥಾಪಿಸಿದರು. 2013ರಲ್ಲಿ ಸಾನಿಯಾ ಮಿರ್ಝಾ ಹೈದರಾಬಾದಿನಲ್ಲಿ ಟೆನಿಸ್ ಅಕಾಡೆಮಿ ಆರಂಭಿಸಿದರು. ಸಚಿನ್ ತೆಂಡುಲ್ಕರ್ 2014ರಲ್ಲಿ ಕೇರಳದ ಫುಟ್‌ಬಾಲ್ ತಂಡದಲ್ಲಿ ಪಾಲು ಹೊಂದಿ 2018ರಲ್ಲಿ ಅದನ್ನು ಬಿಟ್ಟುಕೊಟ್ಟರು.

ಬಡ್ಡಿಯ ಸೋಂಕಿಲ್ಲದೆ

ಇಷ್ಟೆಲ್ಲ ಓದಿದ ಬಳಿಕ ನಿಮ್ಮ ಮನಸ್ಸಿನಲ್ಲಿ ಪ್ರಶ್ನೆಯೊಂದು ಏಳಬಹುದು. ಹಣಕಾಸಿನ ಈ ಲೋಕ ಬಡ್ಡಿಯ ಮೇಲೆಯೇ ನಿಂತಿದೆಯಲ್ಲ, ಅದನ್ನು ಮುಟ್ಟದೆ ಇಲ್ಲಿ ಬೆಳೆಯಲು ಸಾಧ್ಯವೇ? ಉತ್ತರ ಹಕೀಮ್ ಒಲಜುವಾನ್‌ರ ಬದುಕಿನಲ್ಲಿದೆ.

1963ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಹುಟ್ಟಿದ ಹಕೀಮ್ ಓದಲು ಅಮೆರಿಕದ ಹ್ಯೂಸ್ಟನ್ ನಗರಕ್ಕೆ ಬಂದವರು. ಅದೇ ನಗರದ ರಾಕೆಟ್ಸ್ ತಂಡಕ್ಕೆ 1994 ಮತ್ತು 1995ರಲ್ಲಿ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದುಕೊಟ್ಟರು. ರಮಝಾನಿನಲ್ಲಿ ಉಪವಾಸವಿದ್ದೇ ಪಂದ್ಯವಾಡುತ್ತಿದ್ದರು. 1995ರ ಫೆಬ್ರವರಿಯಲ್ಲಿ ಉಪವಾಸವಿದ್ದೂ ಲೀಗಿನ ತಿಂಗಳ ಶ್ರೇಷ್ಠ ಆಟಗಾರನಾಗಿ ಆಯ್ಕೆಯಾದರು. ಇತರ ತಾರೆಯರ ಬೂಟುಗಳು ನೂರು ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಗುತ್ತಿದ್ದಾಗ ಇವರು ಸುಮಾರು 35 ಡಾಲರಿನ ಬೂಟಿಗೆ ತಮ್ಮ ಹೆಸರು ಕೊಟ್ಟರು. ದುಡಿದು ಮಕ್ಕಳನ್ನು ಸಾಕುವ ಬಡ ತಾಯಿ ಅಷ್ಟು ದುಬಾರಿ ಬೂಟು ತರುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು.

2002ರಲ್ಲಿ ಆಟ ಬಿಟ್ಟ ಹಕೀಮ್ ಹ್ಯೂಸ್ಟನ್‌ನಲ್ಲಿ ಜಮೀನು, ಕಟ್ಟಡಗಳ ವ್ಯವಹಾರಕ್ಕೆ ಇಳಿದರು. ಅಮೆರಿಕದಲ್ಲಿ ಈ ವ್ಯವಹಾರ ನಡೆಯುವುದೇ ಬ್ಯಾಂಕ್ ಸಾಲದ ಮೇಲೆ. ಅವರು ಮಾತ್ರ ಬಡ್ಡಿ ಬೇಡವೆಂದು ಕೈಯಲ್ಲಿದ್ದ ಹಣದಿಂದಲೇ ಕೊಂಡರು. ಇದರಿಂದ ನಿಧಾನವಾಯಿತು, ಒಮ್ಮೆಗೆ ಹತ್ತು ಕಡೆ ಕೈಹಾಕಲಾಗಲಿಲ್ಲ ನಿಜ. ಆದರೆ ಮಾರುಕಟ್ಟೆ ಕುಸಿದಾಗ ಸಾಲದ ಕಂತಿಗಾಗಿ ಅಗ್ಗಕ್ಕೆ ಮಾರಬೇಕಾದ ಒತ್ತಡ ಇಂಥವನಿಗೆ ಇರುವುದಿಲ್ಲ. ಬೆಲೆ ಬರುವವರೆಗೆ ಕಾಯಬಹುದು. ಹ್ಯೂಸ್ಟನ್ ನಗರದ ನಡುವೆ 1928ರಲ್ಲಿ ಕಟ್ಟಿದ ಹಳೆಯ ಬ್ಯಾಂಕ್ ಕಟ್ಟಡವೊಂದನ್ನೂ ಅವರು ಖರೀದಿಸಿದ್ದರು. ಇಂದು ಅದು ಮಸೀದಿ ಮತ್ತು ಇಸ್ಲಾಮಿಕ್ ಕೇಂದ್ರ.

ಎಡವಿದವರು

ಗೆದ್ದವರ ಕಥೆಗಳನ್ನು ಮಾತ್ರ ಹೇಳಿದರೆ ಅದು ಅರ್ಧ ಸತ್ಯವಾದೀತು. ಸ್ಪೇನಿನ ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆಯವರ ಕಂಪನಿ 2018ರಲ್ಲಿ ಟೆನಿಸ್‌ನ ಡೇವಿಸ್ ಕಪ್ ನಡೆಸಲು 25 ವರ್ಷಗಳ, 300 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಊರೂರಿನಲ್ಲಿ ನಡೆಯುತ್ತಿದ್ದ ಪಂದ್ಯಗಳನ್ನು ಒಂದೆಡೆಗೆ ತಂದಾಗ ತವರಿನ ಪ್ರೇಕ್ಷಕರ ಆ ಸಡಗರ ಉಳಿಯಲಿಲ್ಲ. 2023ರ ಜನವರಿಯಲ್ಲಿ ಒಪ್ಪಂದ ಮುರಿದುಬಿತ್ತು. ಫುಟ್‌ಬಾಲ್ ಬಲ್ಲವನಿಗೆ ಟೆನಿಸ್ ವ್ಯಾಪಾರವೂ ತಿಳಿದಿರಬೇಕೆಂದಿಲ್ಲ.

ಜಗತ್ತಿನ ಅತಿವೇಗದ ಓಟಗಾರ ಉಸೇನ್ ಬೋಲ್ಟ್‌ರಿಗೆ ಆದದ್ದು ಇನ್ನೂ ಕಹಿ ಅನುಭವ. ಜಮೈಕಾದ ಹೂಡಿಕೆ ಸಂಸ್ಥೆಯೊಂದರಲ್ಲಿದ್ದ ಅವರ ಖಾತೆಯಿಂದ ಸುಮಾರು 1 ಕೋಟಿ 27 ಲಕ್ಷ ಡಾಲರ್ ಮಾಯವಾದದ್ದು 2023ರ ಜನವರಿಯಲ್ಲಿ ಬೆಳಕಿಗೆ ಬಂತು. ಉಳಿದದ್ದು ಸುಮಾರು 12,000 ಡಾಲರ್ ಮಾತ್ರ. ಅವರು ಜೂಜಾಡಿರಲಿಲ್ಲ, ದುಂದುವೆಚ್ಚ ಮಾಡಿ ಕಳೆದದ್ದೂ ಅಲ್ಲ. ವೃದ್ಧಾಪ್ಯಕ್ಕೂ ತಂದೆ ತಾಯಿಗೂ ಎಂದು ಕೂಡಿಟ್ಟ ಹಣವದು. ಬಾಸ್ಕೆಟ್‌ಬಾಲಿನ ಟಿಮ್ ಡಂಕನ್ ಕೂಡಾ ನಂಬಿದ ಹಣಕಾಸು ಸಲಹೆಗಾರನಿಂದಲೇ ಮೋಸಹೋದರು. ತನಗೇ ಸಂಬಂಧವಿದ್ದ ಕಂಪನಿಗೆ ಡಂಕನ್‌ರಿಂದ 75 ಲಕ್ಷ ಡಾಲರ್ ಸಾಲ ಕೊಡಿಸಿದ್ದ ಆ ಸಲಹೆಗಾರ 2017ರಲ್ಲಿ ನಾಲ್ಕು ವರ್ಷಗಳ ಜೈಲುಶಿಕ್ಷೆಗೆ ಗುರಿಯಾದ.

ಇದು ಅಮೆರಿಕ, ಜಮೈಕಾಗಳ ಕಥೆ ಎಂದು ಪುಟ ಮಗುಚಬೇಡಿ. 2019ರಲ್ಲಿ ಬೆಂಗಳೂರಿನ ಐ.ಎಂ.ಎ. ಹಗರಣ ನಮ್ಮೆಲ್ಲರ ನೆನಪಿನಲ್ಲಿದೆ. 'ಹಲಾಲ್ ಲಾಭ' ಎಂಬ ಮಾತನ್ನು ನಂಬಿ ಹತ್ತಾರು ಸಾವಿರ ಮಂದಿ ಹಣ ಕಳೆದುಕೊಂಡರು. ಮಗಳ ಮದುವೆಗೆಂದು ಇಟ್ಟ ಹಣ, ಗಂಡ ಪರದೇಶದಲ್ಲಿ ದುಡಿದ ಹಣ, ಒಡವೆ ಮಾರಿದ ಹಣ ಅಲ್ಲಿತ್ತು. ಬೋಲ್ಟ್‌ರಿಗೂ ನಮ್ಮ ಆ ಸಹೋದರಿಯರಿಗೂ ಆದ ಅನ್ಯಾಯ ಒಂದೇ ಬಗೆಯದು. ಕೇಳಬೇಕಾದ ಪ್ರಶ್ನೆಗಳನ್ನು ಕೇಳುವ ಮುನ್ನವೇ ನಂಬಿಕೆ ಮುಂದೆ ಹೋಗಿತ್ತು. ಮೋಸಹೋದವರನ್ನು ದೂರುವುದು ಸರಿಯಲ್ಲ. ಆದರೆ ಮುಂದಿನವರಾದರೂ ಪ್ರಶ್ನೆ ಕೇಳುವುದನ್ನು ಕಲಿಯಬೇಕು.

ಹೂಡಿಕೆಯೋ, ಜೂಜೋ?

ಇನ್ನೊಂದು ಮಾತು. ಮೊಬೈಲಿನಲ್ಲಿ ತಂಡ ಕಟ್ಟಿ ಹಣ ಹಾಕುವ ಆಟಗಳನ್ನೂ ನಮ್ಮ ಹುಡುಗರು 'ಇನ್ವೆಸ್ಟ್‌ಮೆಂಟ್' ಎಂದೇ ಕರೆಯುತ್ತಿದ್ದರು. ಎರಡರ ನಡುವಿನ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿ ಹೇಳಿ. ಹೂಡಿಕೆಯಲ್ಲಿ ನಿಮಗೊಂದು ಪಾಲು ಸಿಗುತ್ತದೆ. ಅದರ ಹಿಂದೆ ಕೆಲಸ, ಸರಕು, ಆದಾಯ ಇರುತ್ತದೆ. ಎಲ್ಲರೂ ಒಟ್ಟಿಗೆ ಲಾಭ ಪಡೆಯಬಹುದು, ಒಟ್ಟಿಗೆ ನಷ್ಟವನ್ನೂ ಅನುಭವಿಸಬಹುದು. ಪಣದಲ್ಲಿ ಒಬ್ಬನ ಜೇಬಿನಿಂದ ಹೋದದ್ದು ಮಾತ್ರ ಇನ್ನೊಬ್ಬನ ಜೇಬಿಗೆ ಬರುತ್ತದೆ. ನಡುವೆ ಆಟ ನಡೆಸುವವನು ತನ್ನ ಪಾಲು ತೆಗೆದುಕೊಳ್ಳುತ್ತಾನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಹೆಸರು ಮೂಡಿಸಿದ್ದ ಕಂಪನಿಯೇ ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಬೇಕಾಯಿತು. ಆದರೆ ಕಾನೂನು ಬಂದ ಮಾತ್ರಕ್ಕೆ ಚಟ ಬಿಡುವುದಿಲ್ಲ. ಮಗನ ಮೊಬೈಲಿನ ಮೇಲೆ ಕಣ್ಣಿಡುವ ಕೆಲಸ ತಂದೆ ತಾಯಿಯದೇ.

ಮನೆಯಿಂದಲೇ ಆರಂಭ

ಪ್ರಿಯ ಸಹೋದರಿಯರೇ, ನಮ್ಮಲ್ಲಿ ಯಾರೂ ಫುಟ್‌ಬಾಲ್ ತಂಡ ಕೊಳ್ಳುವವರಲ್ಲ. ಆದರೆ ಸೆರೆನಾ, ಜಾನ್ಸನ್, ಹಕೀಮ್, ಬೋಲ್ಟ್ ಇವರ ಅನುಭವದಿಂದ ಕೆಲವು ಮಾತುಗಳನ್ನು ಮನೆಗೆ ತಂದುಕೊಳ್ಳಬಹುದು.

ಹಣ ಬರುತ್ತಿರುವಾಗಲೇ, ಅದು ನಿಲ್ಲುವ ದಿನದ ಯೋಚನೆ ಮಾಡಿ. ಮೊದಲು ಸಣ್ಣ ಮೊತ್ತ ತೊಡಗಿಸಿ ಕಲಿಯಿರಿ. ಇದ್ದುದೆಲ್ಲವನ್ನೂ ಒಂದೇ ಕಡೆ ಹಾಕಬೇಡಿ. ನಿಮಗೆ ಅರ್ಥವಾಗದ ವ್ಯವಹಾರ ಎಷ್ಟೇ ಲಾಭದ್ದೆಂದರೂ ಬೇಡ. ಯಾರಾದರೂ ಹೂಡಿಕೆಗೆ ಕರೆದರೆ ನಾಲ್ಕು ಪ್ರಶ್ನೆ ಕೇಳಿ: ಈ ಲಾಭ ಯಾವ ಕೆಲಸದಿಂದ ಬರುತ್ತದೆ? ನಷ್ಟವಾದರೆ ಯಾರು ಹೊರುತ್ತಾರೆ? ಲೆಕ್ಕವನ್ನು ತಪಾಸಣೆ ಮಾಡುವವರು ಯಾರು? ನನ್ನ ಹಣ ವಾಪಸು ಬೇಕೆಂದರೆ ಎಷ್ಟು ದಿನದಲ್ಲಿ ಸಿಗುತ್ತದೆ? ತಿಂಗಳು ತಿಂಗಳೂ ಇಷ್ಟೇ ಲಾಭ ಎಂದು ಖಚಿತವಾಗಿ ಮಾತು ಕೊಡುವವನನ್ನು ನಂಬಬೇಡಿ. ನಿಜವಾದ ವ್ಯಾಪಾರದಲ್ಲಿ ಅಂಥ ಖಾತರಿ ಇರುವುದಿಲ್ಲ.

ಮಗನೋ ಮಗಳೋ ಆಟದಲ್ಲಿ ಮುಂದೆ ಬಂದರೆ ಸಂತೋಷಪಡಿ, ಪ್ರೋತ್ಸಾಹಿಸಿ. ಜೊತೆಗೆ ಪದವಿಯನ್ನೂ ಮುಗಿಸುವಂತೆ ನೋಡಿಕೊಳ್ಳಿ. ಬ್ಯಾಂಕಿನ ಪುಸ್ತಕವನ್ನು ಹತ್ತಿರ ಕೂರಿಸಿಕೊಂಡು ಓದಲು ಕಲಿಸಿ. ಗಂಡ ಕಳುಹಿಸಿದ ಹಣದ ಲೆಕ್ಕ ನಿಮಗೂ ತಿಳಿದಿರಲಿ. ಕಾಗದಪತ್ರಗಳು ಎಲ್ಲಿವೆ, ಯಾರ ಹೆಸರಿನಲ್ಲಿವೆ ಎಂಬುದೂ ಗೊತ್ತಿರಲಿ. ಮ್ಯಾಜಿಕ್ ಜಾನ್ಸನ್‌ರಿಗೆ ಹತ್ತೊಂಬತ್ತು, ಇಪ್ಪತ್ತರ ವಯಸ್ಸಿನಲ್ಲಿ ಹೇಳಿಕೊಡುವವರು ಮನೆಯಲ್ಲಿರಲಿಲ್ಲ. ನಮ್ಮ ಮಕ್ಕಳಿಗೆ ಆ ಕೊರತೆ ಆಗದಿರಲಿ.